ಅರ್ಧಕ್ಕೆ ಬಿಟ್ಟವರು

ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದ ಮೊಮ್ಮಗಳು ಹೊಟ್ಟೆತುಂಬ ಉಂಡು ನಗತೊಡಗಿದ ದಿನದಿಂದ ನೀಲವ್ವನದು ಒಂದೇ ರಾಗ: "ಆರಾಮ ಆಗೇತಲ್ರೀ, ಮನಿಗೆ ಕಳಸ್ರಿ."

"ಇನ್ನೂ ಎರಡು ವರ್ಷ ಔಷಧಿ ಬೇಕು" ಎಂದು ದಿನವೂ ಹೇಳಿ ಹೇಳಿ ಡಾಕ್ಟರ್ ಪ್ರಮೋದಿನಿಯವರ ಗಂಟಲು ಕಟ್ಟಿತ್ತು.

ಒಂದು ಬೆಳಿಗ್ಗೆ ನೋಡಿದರೆ ಮಗುವಿನ ಮಂಚ ಖಾಲಿ.

"ಅಜ್ಜಿ ಗಂಟು ಹಿಡಕೊಂಡು ಬಸ್‌ಸ್ಟ್ಯಾಂಡಿಗೆ ಹೋದಳ್ರಿ ಮೇಡಂ" ಎಂದಳು ಆಯಾ.

ಡಾಕ್ಟರು ಬಿಳಿ ಕೋಟಿನಲ್ಲೇ ಓಡಿದರು. ಹೊರಡುತ್ತಿದ್ದ ಬಸ್ಸಿನ ಕಿಟಕಿಯಲ್ಲಿ ನೀಲವ್ವನ ಮುಖ ಕಂಡದ್ದೇ ತಡ, ಒಳಗೆ ಹತ್ತಿ ಏದುಸಿರಿನಲ್ಲೇ ಶುರುಮಾಡಿದರು: "ಅರ್ಧಕ್ಕೆ ಬಿಟ್ಟರೆ ಕಾಯಿಲೆ ಮತ್ತೆ ಬರುತ್ತೆ, ಆಮೇಲೆ ನಮ್ಮ ಕೈಯಲ್ಲಿ ಏನೂ ಇರೋದಿಲ್ಲ! ಪೂರ್ತಿ ಮಾಡಿದರೆ ಮಗು ಶಾಲೆಗೆ ಹೋಗುತ್ತೆ, ನಿಮಗೇ ಎದುರು ಮಾತಾಡೋವಷ್ಟು ದೊಡ್ಡದಾಗುತ್ತೆ!"

ಬಸ್ಸಿನವರೆಲ್ಲ ತಲೆದೂಗಿದರು. ಹಿಂದಿನ ಸೀಟಿನ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾತು ಮುಗಿದ ಮೇಲಷ್ಟೇ, ನೀಲವ್ವನ ಪಕ್ಕದಲ್ಲಿ ಮಗುವಿಲ್ಲ ಎಂಬುದು ಡಾಕ್ಟರಿಗೆ ಕಂಡದ್ದು.

"ಮೊಮ್ಮಗಳೆಲ್ಲಿ?"

"ರಕ್ತಾ ತಪಾಸಣಿಗೆ ಅವರವ್ವನ ಕೂಡ ಹೋಗ್ಯಾಳ್ರೀ."

"ಮತ್ತೆ ನೀವೆಲ್ಲಿಗೆ?"

"ಬಾಜೂ ಮಂಚದ ಹುಡುಗನ್ನ ಅವರಪ್ಪ ಅರ್ಧಕ್ಕ ಬಿಡಿಸಿ ಊರಿಗೆ ಒಯ್ದಾನ್ರೀ. ಅವನ್ನ ತಿರುಗಿ ಕರಕೊಂಡು ಬರಾಕ ಹೊಂಟೇನಿ. ನೀವು ದಿನಾ ಹೇಳಿದ್ದು ನನಗ ತಿಳದೇತ್ರಿ, ಆದ್ರ ನಿಮ್ಮಂಗ ಚಂದ ಹೇಳಾಕ ಬರೂದಿಲ್ಲ."

ನೀಲವ್ವ ಕಿಟಕಿಯತ್ತ ಸರಿದು ಜಾಗ ಮಾಡಿದಳು.

"ಕುಂದರ್ರಿ. ಕಂಡಕ್ಟರಪ್ಪಾ, ಡಾಕ್ಟರ್ ಅಕ್ಕಾರಿಗೂ ಒಂದು ಟಿಕೇಟು ಕೊಡು."