ವಿಠೋಬಾ ಮಿಸ್ತ್ರಿ ಕೂಡಿಸಿದ ಟೈರು

"ನಡಗೂದು ಗಾಡಿ ಅಲ್ಲಲೇ, ನಿನ್ನ ಕೈ," ಎಂದ ವಿಠೋಬಾ ಮಿಸ್ತ್ರಿ. ಲಾರಿ ಇನ್ನೂ ಪೂರ್ತಿ ನಿಂತಿರಲಿಲ್ಲ.

ಡ್ರೈವರ್ ಭರಮು ಕೆಳಗಿಳಿದ. "ನಲವತ್ತು ದಾಟಿದ್ರ ಸ್ಟೇರಿಂಗ್ ಕೈಯಾಗ ನಿಲ್ಲವಲ್ದು ಮಿಸ್ತ್ರಿ. ಮೊನ್ನಿ ಮಟಾ ಬೇಷಿತ್ತು. ಮುಂದಿನ ಎರಡೂ ಹೊಸಾ ಟೈರ್ ನೀವು ಕೂಡಿಸಿದ ಮ್ಯಾಲೇ ಚಾಲೂ ಆಗೇತಿ."

ವಿಠೋಬಾನಿಗೆ ಮೈಯೆಲ್ಲ ಉರಿಯಿತು. ಉಗಾರ ಖುರ್ದದ ಫ್ಯಾಕ್ಟರಿ ರಸ್ತೆಯಲ್ಲಿ ಹದಿನೆಂಟು ವರ್ಷದಿಂದ ಟೈರು ಕೂಡಿಸುತ್ತಿದ್ದವನು ಅವನು. ಡ್ರೈವರ್ ಎಂದರೆ ಅವನ ದೃಷ್ಟಿಯಲ್ಲಿ ಹಾರ್ನ್ ಹೊಡೆಯುವುದಕ್ಕೆ ಪಗಾರ ತೆಗೆದುಕೊಳ್ಳುವ ಪ್ರಾಣಿ. ಈ ದೀಪಾವಳಿಯಿಂದೀಚೆಗೆ ಇದೇ ದೂರು ಹೊತ್ತು ಬಂದ ಏಳನೆಯ ಗಾಡಿ ಇದು. ಹಿಂದಿನ ಆರು ಮಂದಿಗೂ ಅವನು ಒಂದೇ ಉತ್ತರ ಕೊಟ್ಟಿದ್ದ: "ಗಾಡಿ ಹೊಡಿಯಾಕ ಬರೂದಿಲ್ಲ ನಿನಗ. ಅಂಜಿಕಿ ಇದ್ರ ಹಿಂದಿನ ಗಾಲಿಗೆ ಹಾಕ್ಕೊಂಡು ಹೋಗು." ಅವರು ಹಾಗೇ ಮಾಡಿ ಹೋದರು, ಮತ್ತೆ ಇತ್ತ ಮುಖ ಹಾಕಲಿಲ್ಲ. ಪೀಡೆ ತೊಲಗಿತೆಂದು ವಿಠೋಬಾ ಉಗುಳಿ ಸುಮ್ಮನಾಗಿದ್ದ.

ಈ ಸಲ ಉಗುಳಿದರೆ ಆಗುವಂತಿರಲಿಲ್ಲ. ಕ್ಯಾಬಿನ್ನಿನ ಆಚೆ ಬಾಗಿಲಿನಿಂದ ಮಾಲಕ ರಾವಸಾಹೇಬನೇ ಇಳಿದ. ಫ್ಯಾಕ್ಟರಿಗೆ ಕಬ್ಬು ಹೇರುವ ಆರು ಲಾರಿ ಅವನವು.

"ಮಿಸ್ತ್ರಿ, ನಾನ ಕುಂತು ನೋಡೀನಿ. ನಡಗೂದು ಖರೆ. ಇವತ್ತ ಇದನ್ನ ಹಿಡಿ. ಇಲ್ಲಂದ್ರ ನಾಳಿಂದ ಆರೂ ಗಾಡಿ ನಿಪ್ಪಾಣಿಗೆ ಹೋಗ್ತಾವು."

ಆ ಆರು ಲಾರಿ ಹೋದರೆ ಅಂಗಡಿಯಲ್ಲಿ ಉಳಿಯುವುದು ಸೈಕಲ್ ಪಂಕ್ಚರ್ ಮಾತ್ರ. ವಿಠೋಬಾ ಹಲ್ಲು ಕಚ್ಚಿ ಜಾಕ್ ಏರಿಸಿದ.

ಗಾಲಿಯನ್ನು ಎರಡೂ ಕೈಯಿಂದ ಹಿಡಿದು ಅಲುಗಾಡಿಸಿದ. ಬೇರಿಂಗ್ ಗಟ್ಟಿ. ಕಿಂಗ್‌ಪಿನ್ ಗಟ್ಟಿ. ನಟ್ಟುಗಳೆಲ್ಲ ಬಿಗಿ. ಗಾಲಿ ತಿರುಗಿಸಿ ಅಂಚಿಗೆ ಸೀಮೆಸುಣ್ಣ ಹಿಡಿದ. ರಿಮ್ ಎಲ್ಲೂ ಸೊಟ್ಟಗಿರಲಿಲ್ಲ. ಹೊಸ ಟೈರಿನ ಗಾಲಿಗಳನ್ನು ಕಳಚಿ, ಅಂಗಡಿಯಲ್ಲಿದ್ದ ಹಳೆಯ ಗಾಲಿಗಳನ್ನು ಹಾಕಿ ಕೃಷ್ಣಾ ಸೇತುವೆಯವರೆಗೆ ತಾನೇ ಓಡಿಸಿದ. ಐವತ್ತಕ್ಕೂ ಸ್ಟೇರಿಂಗ್ ಮಿಸುಕಲಿಲ್ಲ. ಹೊಸವು ಹಾಕಿದ, ಮತ್ತೆ ಗಡಗಡ. ಜಾಕಿನ ಮೇಲೆ ತಿರುಗಿಸಿ ಬಿಟ್ಟರೆ ಎರಡೂ ಗಾಲಿಗಳು ಪ್ರತಿ ಸಲವೂ ಒಂದೇ ಬದಿಯನ್ನು ಕೆಳಗೆ ಮಾಡಿ ನಿಲ್ಲುತ್ತಿದ್ದವು.

"ಕಂಪನಿ ಮಾಲ ಖರಾಬ್ ಐತ್ರಿ ಸಾವಕಾರ್ರ. ಒಂದ ಕಡೆ ರಬ್ಬರ್ ದಪ್ಪ ಬಂದೇತಿ."

"ಎರಡರಾಗೂ? ಬಿಚ್ಚಿ ನೋಡು."

"ನಾ ಕೂಡಿಸಿದ್ದನ್ನ ನಾ ಬಿಚ್ಚೂದಿಲ್ರಿ."

ಅಂಗಡಿಯ ಕಟ್ಟೆಯ ಮೇಲೆ ಅವನ ಹೆಂಡತಿ ಸಕ್ಕುಬಾಯಿ ಮತ್ತೊಂದು ಲಾರಿಯ ಟ್ಯೂಬಿಗೆ ಪೌಡರ್ ಬಳಿಯುತ್ತಿದ್ದಳು. ಪೌಡರ್ ಹಚ್ಚುವುದು, ಟ್ಯೂಬನ್ನು ಟೈರಿನೊಳಗೆ ತಳ್ಳಿ ಕೂರಿಸುವುದು ಅವಳ ಪಾಲಿನ ಕೆಲಸ. ಅಂಥ ಹೆಂಗಸರ ಕೆಲಸವನ್ನು ಬಗ್ಗಿ ನೋಡುವುದೂ ವಿಠೋಬಾನಿಗೆ ಅವಮಾನ. ಅವಳು ಮುಗಿಸುವವರೆಗೆ ಬೆನ್ನು ತಿರುಗಿಸಿ ಬೀಡಿ ಸೇದುತ್ತಾನೆ. ಆಮೇಲೆ ರಿಮ್ ಕೂಡಿಸಿ, ಟೈರನ್ನು ಬಿಗಿಹಿಡಿಯುವ ರಿಂಗು ಬಡಿದು, ಟೈರು ಕೂಡಿಸಿದೆ ಎನ್ನುತ್ತಾನೆ.

"ಬಿಚ್ಚಬ್ಯಾಡ್ರಿ," ಎಂದಳು ಸಕ್ಕುಬಾಯಿ. "ನೀವು ಕೂಡಿಸಿದ್ದು ಚಲೋನ ಇರತೈತಿ."

ವಿಠೋಬಾನ ಎದೆ ಉಬ್ಬಿತು. "ಕೇಳಿದ್ರೇನ್ರಿ? ಹೆಣ್ಣಮಗಳಿಗೆ ತಿಳದದ್ದು ಈ ಭರಮ್ಯಾಗ ತಿಳಿವಲ್ದು." ಹಾಗೆನ್ನುತ್ತ ಭರಮುವಿನ ಕಡೆ ತಿರುಗಿದವನ ಕಣ್ಣು ಅವನ ಹಣೆಯ ಮೇಲೆ ನಿಂತಿತು. ಹಣೆ ತುಂಬ ದೇವಿಯ ಅರಿಶಿನ ಪುಡಿ, ಭಂಡಾರ. ಕ್ಯಾಬಿನ್ನಿನ ಗಾಜಿಗೂ ಭಂಡಾರ, ಬಾನೆಟ್ಟಿಗೂ ಭಂಡಾರ. ಹುಣ್ಣಿಮೆ ಬಂತೆಂದರೆ ಓಣಿಯ ಹೆಂಗಸರನ್ನೆಲ್ಲ ಲಾರಿಗೆ ಹತ್ತಿಸಿಕೊಂಡು ಚಿಂಚಲಿ ಮಾಯಕ್ಕ ದೇವಿಯ ಗುಡಿಗೆ ಹೋಗುವ ಆಸಾಮಿ ಇವನು. ಹರಕೆ ಹೊತ್ತರೆ ಬ್ರೇಕ್ ಹಿಡಿಯುತ್ತದೆ ಎಂದು ನಂಬಿದ ಮಂದಿ!

"ಇಲ್ಲಿ ತರೂ ಮೊದ್ಲ ಹೊಸಾ ಟೈರಿನೊಳಗ ಏನರ ತುರುಕೀಯೇನಲೇ, ದೇವರ ಹೆಸರ ಹೇಳಿ?"

"ಇಲ್ರಿ! ಮಾಯಕ್ಕನ ಆಣಿ!"

ಆಣೆ ಇಟ್ಟದ್ದೇ ತಡ, ವಿಠೋಬಾನಿಗೆ ಅನುಮಾನ ಹೋಗಿ ಖಾತ್ರಿಯಾಯಿತು. ತನ್ನ ಕೆಲಸ ಬಿಚ್ಚುವುದು ಬೇರೆ, ಕಳ್ಳನನ್ನು ಹಿಡಿಯುವುದು ಬೇರೆ. ಗಾಳಿ ಬಿಟ್ಟ, ರಿಂಗು ಎಬ್ಬಿಸಿದ, ಟ್ಯೂಬು ಎಳೆದು ಟೈರಿನೊಳಗೆ ಕೈ ಹಾಕಿದ. ಹೊರಗೆ ಬಂದದ್ದು ಹಸಿರು ಕುಬುಸದ ಖಣದ ಒಂದು ಗಂಟು, ಹೆಂಗಸರು ದೇವಿಗೆ ಉಡಿ ತುಂಬುವಂಥದು. ಒಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಶಿನ ಕೊಂಬು, ಎಲ್ಲದರ ಮೇಲೂ ಭಂಡಾರ. ಎರಡನೆಯ ಟೈರಿನಲ್ಲೂ ಅಂಥದೇ ಗಂಟು, ಅರ್ಧ ಸೇರಿಗೆ ಕಡಿಮೆಯಿಲ್ಲ.

ವಿಠೋಬಾ ಎರಡೂ ಗಂಟುಗಳನ್ನು ಎತ್ತಿ ಹಿಡಿದು ನಕ್ಕ. ಇಷ್ಟು ಖುಷಿ ಅವನಿಗೆ ವರ್ಷಗಳಿಂದ ಆಗಿರಲಿಲ್ಲ. "ನೋಡ್ರಿ ಸಾವಕಾರ್ರ, ನಿಮ್ಮ ಡ್ರೈವರನ ಶಾಣ್ಯಾತನ! ರಬ್ಬರಿಗೆ ಉಡಿ ತುಂಬ್ಯಾನ!"

"ನಾ ಅಲ್ರೀ ಧಣಿ," ಎಂದ ಭರಮು. ಅವನ ಕಣ್ಣಲ್ಲಿ ನೀರು ಬಂದಿತ್ತು. ಮನೆಯಲ್ಲಿ ಐದು ಹೊಟ್ಟೆ ಅವನ ಈ ನೌಕರಿಯ ಮೇಲೇ ನಡೆಯುತ್ತಿದ್ದವು.

ರಾವಸಾಹೇಬ ಕೈ ಚಾಚಿದ. ಭರಮು ಲಾರಿಯ ಚಾವಿ ಕೊಟ್ಟ.

ವಿಠೋಬಾನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ರಸ್ತೆಯವರಿಗೆಲ್ಲ ಕೇಳುವಂತೆ ಕೂಗಿದ: "ಹದಿನೆಂಟು ವರ್ಷದ ನನ್ನ ಹೆಸರಿಗೆ ಮಸಿ ಬಳದವ ಯಾವನ ಇರಲಿ, ಇನ್ನ ಈ ಅಂಗಡಿ ಮೆಟ್ಟಲ ಹತ್ತಬಾರದು!"

ಸಕ್ಕುಬಾಯಿ ಕೈಯ ಪೌಡರ್ ಒರೆಸಿಕೊಂಡು ಎದ್ದಳು, ಸೆರಗು ಹೊದ್ದು ಮೆಟ್ಟಿಲಿಳಿದು ರಸ್ತೆಗೆ ಬಂದಳು.

"ಅಂವಗ ಚಾವಿ ಕೊಡ್ರಿ ಸಾವಕಾರ್ರ," ಎಂದಳು. "ಇವರ ಕೈಗೆ ಯಾರ ಕಣ್ಣೂ ಬೀಳಬಾರದಂತ, ದೀಪಾವಳಿಯಿಂದ ಇವರು ಕೂಡಿಸಿದ ಒಂದೊಂದು ಟೈರಿಗೂ ಉಡಿ ತುಂಬಿದಾಕಿ ನಾನ."