ಸಾರಿನ ಪಾತ್ರೆಯಲ್ಲಿ ಗಿಟಾರಿನ ತಂತಿ

ಒಲೆಯ ಮೇಲೆ ಮರೆತ ನೀರು ಕುದಿಕುದಿದು ಲೋಹದ ವಾಸನೆ ಬಂದರೆ ನನಗೆ ಈಗಲೂ ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಅಜ್ಜಿಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ನನ್ನ ಸೋದರಮಾವ ಸಮುದ್ರದ ಎದುರಿನ ಹೋಟೆಲೊಂದರ ಬ್ಯಾಂಡಿನಲ್ಲಿ ಜಾಝ್, ಸೋಲ್‌ನಂಥ ಪಾಶ್ಚಾತ್ಯ ಸಂಗೀತಕ್ಕೆ ಗಿಟಾರ್ ನುಡಿಸುತ್ತಿದ್ದ. ಹೊಸ ತಂತಿ ಚೆನ್ನೈಯಿಂದ ಬರಬೇಕಿತ್ತು. ಹಾಗಾಗಿ ಮಂಕಾದ ತಂತಿಗಳನ್ನೇ ಬಿಚ್ಚಿ, ನೀರಿನಲ್ಲಿ ಕುದಿಸಿ, ಮತ್ತೆ ಕಟ್ಟುತ್ತಿದ್ದ. ಅಂದು ಅವನ ಕೈಗೆ ಸಿಕ್ಕಿದ್ದು ಅಜ್ಜಿಯ ಸಾರಿನ ಪಾತ್ರೆ.

"ಸಾರಿನ ಪಾತ್ರೇಲೇನೋ ತಂತಿ ಬೇಯ್ಸೋದು? ಅದನ್ನೇ ಬಡಿಸ್ಲಾ ನಿಂಗೆ?" ಎಂದು ಅಜ್ಜಿ ರೇಗಿದಳು.

"ಕೊಳೆ ಬಿಡತ್ತಮ್ಮ. ಇವತ್ತು ಕೊನೇ ಸಲ, ಚೆನ್ನಾಗಿ ಕೇಳಿಸ್ಲಿ."

ಹೋಟೆಲಿನವರು ಆ ರಾತ್ರಿಗೆ ಬ್ಯಾಂಡ್ ನಿಲ್ಲಿಸುವವರಿದ್ದರು. ಮರುದಿನ ಮಾವ ವಿಜಯವಾಡಕ್ಕೆ, ಅಲ್ಲಿನ ಒನ್ ಟೌನ್ ಪೇಟೆಯಲ್ಲಿದ್ದ, ತನ್ನ ಹೆಂಡತಿ ಅಂದರೆ ನಮ್ಮ ತೆಲುಗು ಅತ್ತೆಯ ತವರಿನವರ ಬಟ್ಟೆ ಅಂಗಡಿಯ ಕೆಲಸಕ್ಕೆ ಹೊರಟಿದ್ದ.

ಅಜ್ಜಿ ಇಕ್ಕಳದಿಂದ ಬಿಸಿ ತಂತಿಗಳನ್ನು ಒಂದೊಂದಾಗಿ ಎತ್ತಿ, ಸೆರಗಿನಲ್ಲಿ ಒರೆಸಿ ಅವನ ಕೈಗಿಟ್ಟಳು. ಅಡುಗೆಮನೆಯ ಹೊಸ್ತಿಲ ಬಳಿಯೇ ಕೂತು ಅವನು ತಂತಿ ಬಿಗಿದು, ಮೆಲ್ಲಗೆ ನುಡಿಸಿ ನೋಡಿದ. ಅಜ್ಜಿ ಒಲೆ ಆರಿಸಿ ನಿಂತೇ ಕೇಳಿದಳು.

ಅವನು ಹೋದ ಮೇಲೆ ಒಂದು ದಿನ ಅಮ್ಮ ಆ ಪಾತ್ರೆಯನ್ನು ಚೆನ್ನಾಗಿ ತಿಕ್ಕಿ ತೊಳೆದು ಬೇಳೆ ಬೇಯಿಸಲು ಹೊರಟಳು. ಅಜ್ಜಿ ಅದನ್ನು ಅವಳ ಕೈಯಿಂದ ತೆಗೆದುಕೊಂಡಳು.

"ಅದು ಬೇಡ ಕಣೆ. ಅವನು ಬಂದಾಗ ಬೇಕಾಗತ್ತೆ."