ಕೈ ಮಾತ್ರ ಬಂದಿದ್ದ ಫೋಟೊ

ಒಂದು ಬಾಹ್ಯಾಕಾಶ ಕೇಂದ್ರದಲ್ಲಿ ಮೀಟಿಂಗ್ ನಡೆಯುತ್ತಿತ್ತು...

ಹೊಸ ಟೆಲಿಸ್ಕೋಪಿನ ಡಿಸೈನ್ ಅಂದು ಅಂತಿಮವಾಗಬೇಕಿತ್ತು. ನನಗೆ ಅರ್ಥವಾದಷ್ಟು ಹೇಳುತ್ತೇನೆ... ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ, ಆಕಾಶದ ದೊಡ್ಡ ಭಾಗವನ್ನು ಒಂದೇ ಸಲಕ್ಕೆ ಫೋಟೊ ತೆಗೆಯುವ ಟೆಲಿಸ್ಕೋಪ್ ಅದು.

ಆದರೆ ತೂಕ ಜಾಸ್ತಿಯಾಗಿತ್ತು. ರಾಕೆಟ್ ಅಷ್ಟನ್ನು ಹೊರುವಂತಿರಲಿಲ್ಲ.

ಕ್ಯಾಮೆರಾದಲ್ಲಿ ಚಿತ್ರದ ಅಂಚನ್ನು ಹಿಡಿಯುವ ಸೆನ್ಸರ್‌ಗಳನ್ನು ತೆಗೆದುಬಿಡೋಣ ಎಂಬ ಸಲಹೆ ಬಂತು. ಹೇಗೂ ಅಂಚಿನಲ್ಲಿ ಚಿತ್ರ ಸ್ವಲ್ಪ ಮಸುಕು... ಎಲ್ಲರೂ ತಲೆಯಾಡಿಸಿದರು.

ಆ ಭಾಗವನ್ನು ವರ್ಷಗಟ್ಟಲೆ ಕೂತು ರೂಪಿಸಿದ್ದ ಎಂಜಿನಿಯರ್ ಹೇಮಲತಾ ಮಾತ್ರ ಒಪ್ಪಲಿಲ್ಲ. ಎಲ್ಲಿ ನೋಡಬೇಕೆಂದು ಗೊತ್ತಿದ್ದರೆ ಬೇರೆ ಟೆಲಿಸ್ಕೋಪ್‌ಗಳಿವೆ, ಇದಿರುವುದೇ ಎಲ್ಲಿದೆಯೆಂದು ಗೊತ್ತಿಲ್ಲದ್ದನ್ನು ಹುಡುಕಲಿಕ್ಕೆ ಎಂದು ವಾದಿಸಿದಳು.

ಪಕ್ಕದಲ್ಲಿದ್ದ ಸಹೋದ್ಯೋಗಿ ತಮಾಷೆ ಮಾಡಿದ. “ಮದುವೆ ಫೋಟೊದಲ್ಲಿ ಗಂಡು ಹೆಣ್ಣು ಚೆನ್ನಾಗಿ ಬಂದ್ರೆ ಸಾಕಲ್ವಾ ಮೇಡಂ? ಮೂಲೇಲಿ ಊಟಕ್ಕೆ ಓಡ್ತಿರೋರನ್ನ ಯಾರ್ ನೋಡ್ತಾರೆ?”

ಎಲ್ಲರೂ ನಕ್ಕರು... ಹೇಮಲತಾ ನಗಲಿಲ್ಲ.

ಮೊಬೈಲಿನಲ್ಲಿದ್ದ ಒಂದು ಹಳೆಯ ಫೋಟೊವನ್ನು ಡೈರೆಕ್ಟರ್ ಸೋಮಯಾಜಿಯವರ ಮುಂದಿಟ್ಟಳು.

ಅವಳ ಚಿಕ್ಕಮ್ಮನ ಮದುವೆಯ ಗ್ರೂಪ್ ಫೋಟೊ. ನಡುವೆ ಮದುಮಕ್ಕಳು, ಸುತ್ತ ನೆಂಟರು. ಬಲಗಡೆಯ ಅಂಚಿನಲ್ಲಿ ಒಂದು ಕೈ ಮಾತ್ರ... ಹಸಿರು ಬಳೆ, ಹಿಡಿದ ಸಾರಿನ ಸೌಟು.

“ಅದು ನಮ್ಮಮ್ಮ ಸರ್. ಬಡಿಸ್ತಾ ಇದ್ದೋಳು ಕೊನೇಲಿ ಓಡಿ ಬಂದು ನಿಂತ್ಕೊಂಡ್ಳಂತೆ. ನಾನು ತೊಟ್ಟಿಲಲ್ಲಿದ್ದಾಗಲೇ ಹೋಗ್ಬಿಟ್ಳು... ಬೇರೆ ಫೋಟೊ ಇಲ್ಲ. ಇದನ್ನ ತೆಗೆದೋರೂ ನಡುವೆ ಚೆನ್ನಾಗಿ ಬಂದ್ರೆ ಸಾಕು ಅಂದ್ಕೊಂಡಿರ್ಬೇಕು.”

ಸೋಮಯಾಜಿಯವರು ಮೊಬೈಲ್ ಎತ್ತಿಕೊಂಡು ಆ ಕೈಯನ್ನು ದೊಡ್ಡದು ಮಾಡಿ ನೋಡಿದರು. ಆಮೇಲೆ ತಮಗೇ ಗೊತ್ತಿಲ್ಲದೆ, ಮುಖ ಇನ್ನೂ ಆಚೆ ಇದೆಯೇನೋ ಎಂಬಂತೆ, ಫೋಟೊವನ್ನು ಬೆರಳಿನಿಂದ ಪಕ್ಕಕ್ಕೆ ಎಳೆದರು...

ಫೋಟೊ ಅಲ್ಲಿಗೇ ಮುಗಿದಿತ್ತು.

“ನಾನೂ ದಿನಾ ಹಾಗೇ ಎಳೀತೀನಿ ಸರ್,” ಎಂದಳು ಹೇಮಲತಾ.

ತಮಾಷೆ ಮಾಡಿದವನು ತಲೆ ತಗ್ಗಿಸಿದ. ಸೋಮಯಾಜಿಯವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಅಂಚು ಇರ್ಲಿ ಕಣಮ್ಮ. ತೂಕ ಬೇರೆಲ್ಲಾದ್ರೂ ಇಳಿಸೋಣ... ಕಷ್ಟ ಆದ್ರೂ ಸರಿ.”

ಆ ಟೆಲಿಸ್ಕೋಪ್ ಹಾರಲು ಇನ್ನೂ ವರ್ಷಗಳು ಬೇಕು. ಅದು ಯಾರೂ ಕಾಣದ ಎಷ್ಟೋ ನಕ್ಷತ್ರಗಳನ್ನು ತೋರಿಸಬಹುದು...

ಹೇಮಲತಾ ಹುಡುಕುವ ಆ ಒಂದು ಮುಖವನ್ನು ಬಿಟ್ಟು.

*ನಡುವೆ ನಿಂತವರನ್ನು ಎಲ್ಲರೂ ನೋಡುತ್ತಾರೆ... ಅಂಚಿನಲ್ಲಿ ನಿಂತವರನ್ನು ಯಾರೋ ಒಬ್ಬರು ಬದುಕಿಡೀ ಹುಡುಕುತ್ತಿರುತ್ತಾರೆ.*

ನಿಮ್ಮ ಮನೆಯ ಫೋಟೊಗಳಲ್ಲಿ ಯಾವಾಗಲೂ ಅಂಚಿನಲ್ಲೇ ನಿಲ್ಲುವವರು ಯಾರು? ಇವತ್ತು ಅವರನ್ನು ಕರೆದು ನಡುವೆ ನಿಲ್ಲಿಸುತ್ತೀರಾ?